‘ನೋವಾಗಲ್ಲ ಪುಟ್ಟಾ’ ಅನ್ನೋ ಸುಳ್ಳು...

ನಮ್ಮ ಕಡೆ ಮಕ್ಕಳಿಗೆ ಡಾಕ್ಟರ ಪರಿಚಯ ಮೊದಲು ಆಗೋದು ಜ್ವರ ಬಂದಾಗ ಅಲ್ಲ, ಊಟ ಮಾಡುವಾಗ. "ಇನ್ನೆರಡು ತುತ್ತು ತಿನ್ನು, ಇಲ್ಲಾಂದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಇಂಜೆಕ್ಷನ್ ಹಾಕಿಸ್ತೀನಿ ನೋಡು" ಅಂತ ಒಂದು ಸಲವಾದರೂ ಹೇಳದ ಮನೆಯನ್ನು ನಾನಂತೂ ನೋಡಿಲ್ಲ. ಹಿಂದೆ ಈ ಕೆಲಸ ಗುಮ್ಮನದಾಗಿತ್ತು. ಬೀದಿಗೆಲ್ಲ ದೀಪ ಬಂದು, ಮನೆಯ ಮೂಲೆಮೂಲೆಯಲ್ಲೂ ಬೆಳಕಾಗಿ ಪಾಪ ಗುಮ್ಮ ಕೆಲಸ ಕಳೆದುಕೊಂಡ. ಅವನ ಜಾಗಕ್ಕೆ ಪೋಲೀಸು ಮತ್ತು ಡಾಕ್ಟರು ಬಂದು ಸೇರಿಕೊಂಡರು :-)

ಸರಿ, ಹೀಗೆ ವರ್ಷಗಟ್ಟಲೆ ಹೆದರಿಸಿದ ಮೇಲೆ ಒಂದು ದಿನ ಮಗುವಿಗೆ ನಿಜವಾಗಿಯೂ ಹುಷಾರು ತಪ್ಪುತ್ತದೆ. ಆಗ ಅದೇ ಬಾಯಿ ಹೇಳುತ್ತದೆ - "ಡಾಕ್ಟರ್ ಮಾಮ ತುಂಬಾ ಒಳ್ಳೆಯವರು, ಏನೂ ಮಾಡಲ್ಲ, ಸ್ವಲ್ಪಾನೂ ನೋವಾಗಲ್ಲ". ಮಗು ಯಾವುದನ್ನು ನಂಬಬೇಕು? ಮೊದಲನೆಯದು ಸುಳ್ಳು. ಎರಡನೆಯದು ಅದಕ್ಕಿಂತ ದೊಡ್ಡ ಸುಳ್ಳು. ಯಾಕಂದ್ರೆ ಎರಡೇ ನಿಮಿಷದಲ್ಲಿ ಅದು ಸುಳ್ಳು ಅಂತ ಸಾಬೀತಾಗಿಬಿಡುತ್ತದೆ, ಅದೂ ಸೂಜಿಯ ಮೊನೆಯಲ್ಲಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಈಗ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಮದುವೆಯೂ ಆಗಿಲ್ಲ. ಮಕ್ಕಳನ್ನು ಸಾಕುವುದು ಹೇಗೆ ಅಂತ ಅಮ್ಮಂದಿರಿಗೆ ಪಾಠ ಹೇಳುವ ಧೈರ್ಯ ಖಂಡಿತ ಇಲ್ಲ. ಆದರೆ ಒಂದು ವಿಷಯ ತುಂಬಾ ದಿನದಿಂದ ತಲೆ ತಿನ್ನುತ್ತಿದೆ, ಅದನ್ನು ಇಲ್ಲಿ ಬರೆದು ಹಗುರಾಗುತ್ತೇನೆ. ನನ್ನ ವಾದ ಇಷ್ಟೇ - ಆಸ್ಪತ್ರೆಯಲ್ಲಿ ಮಗುವನ್ನು ಹೆಚ್ಚು ಹೆದರಿಸುವುದು ಸೂಜಿಯಲ್ಲ, ಮೋಸ. ಆ ಮೋಸವನ್ನು ತೆಗೆದುಹಾಕಿದರೆ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ. ಅದಕ್ಕೆ ದುಡ್ಡೂ ಬೇಕಿಲ್ಲ, ಮೆಷಿನ್ನೂ ಬೇಕಿಲ್ಲ.

ಇದು ಎಲ್ಲೋ ಅಪರೂಪಕ್ಕೆ ಆಸ್ಪತ್ರೆ ಸೇರುವ ಮಕ್ಕಳ ವಿಷಯ ಅಂದುಕೊಳ್ಳಬೇಡಿ. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಗಿದ್ದು ೧೯೮೫ರಲ್ಲಿ. ಅದರ ಪಟ್ಟಿ ತೆಗೆದು ನೋಡಿ. ಹುಟ್ಟಿದ ಕೂಡಲೇ ಬಿಸಿಜಿ, ಹೆಪಟೈಟಿಸ್ ಬಿ. ಆಮೇಲೆ ೬, ೧೦, ೧೪ನೇ ವಾರ. ಆಮೇಲೆ ೯ ತಿಂಗಳು, ಒಂದೂವರೆ ವರ್ಷದ ಹೊತ್ತಿಗೆ ಬೂಸ್ಟರ್, ೫ ವರ್ಷ ತುಂಬಿದ ಮೇಲೆ ಇನ್ನೊಂದು. ಯಾವ ಕಾಯಿಲೆಯೂ ಇಲ್ಲದ ಗಟ್ಟಿಮುಟ್ಟಾದ ಮಗು ಕೂಡ ಒಂದನೇ ಕ್ಲಾಸು ಸೇರುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಸಲ ಸೂಜಿ ಚುಚ್ಚಿಸಿಕೊಂಡಿರುತ್ತದೆ. ಅಂದರೆ ಇದು ಎಲ್ಲರ ಮನೆಯ ಕಥೆ.

ನಮ್ಮ ಮನೆಯ ಕಥೆ ಹೇಳುತ್ತೇನೆ ಕೇಳಿ. ೨೦೨೪ರ ಮಳೆಗಾಲ ನೆನಪಿದೆಯಲ್ಲ, ಕರ್ನಾಟಕದಲ್ಲಿ ಡೆಂಗಿ ಎಷ್ಟು ಹಬ್ಬಿತ್ತೆಂದರೆ ಕೊನೆಗೆ ಸೆಪ್ಟೆಂಬರಿನಲ್ಲಿ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಬೇಕಾಯಿತು. ಆಗ ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮಗಳಿಗೂ ಬಂತು. ಪುಟ್ಟಿಗೆ ಆಗ ನಾಲ್ಕು ವರ್ಷ. ಡೆಂಗಿ ಅಂದರೆ ಗೊತ್ತಲ್ಲ, ದಿನಾ ರಕ್ತ ತೆಗೆದು ಪ್ಲೇಟ್ಲೆಟ್ ಎಷ್ಟಿದೆ ಅಂತ ನೋಡುತ್ತಿರಬೇಕು. ಜೊತೆಗೆ ಕೈಗೆ ಡ್ರಿಪ್.

ಮೊದಲ ದಿನ ಅಜ್ಜಿ "ಪಾರ್ಕಿಗೆ ಹೋಗೋಣ ಬಾ" ಅಂತ ಹೊರಡಿಸಿದರು. ಆಸ್ಪತ್ರೆಯ ಹೆಸರು ಬೇಡ ಬಿಡಿ, ಯಾವ ಆಸ್ಪತ್ರೆಯಾದರೂ ಹೀಗೇ ಆಗುತ್ತಿತ್ತೇನೋ. ಲ್ಯಾಬಿನವನು "ಏನೂ ಮಾಡಲ್ಲ ಚಿನ್ನು, ಬರೀ ಕೈ ನೋಡ್ತೀನಿ" ಅಂದ. ಅಕ್ಕನಿಗೆ "ನೀವು ಹೊರಗಡೆ ಇರಿ ಮೇಡಂ, ನೀವಿದ್ರೆ ಜಾಸ್ತಿ ಅಳುತ್ತೆ" ಅಂದರು. ಬಾಗಿಲು ಹಾಕಿದರು. ಒಳಗೆ ಮೂರು ಜನ ಹಿಡಿದುಕೊಂಡರು. ನರ ಸಿಗಲಿಲ್ಲ ಅಂತ ಎರಡು ಸಲ ಚುಚ್ಚಿದರು. ಹೊರಗೆ ನಿಂತು ಆ ಕಿರುಚಾಟ ಕೇಳಿದ ಅಕ್ಕನ ಮುಖ ನನಗಿನ್ನೂ ಮರೆತಿಲ್ಲ.

ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ಆಮೇಲೆ ನಡೆದದ್ದು. ಹೊರಬಂದ ಪುಟ್ಟಿ ಲ್ಯಾಬಿನವನನ್ನು ಬೈಯಲಿಲ್ಲ. ಅಜ್ಜಿಯ ಕಡೆ ನೋಡಿ "ಪಾರ್ಕು ಅಂದೆ..." ಅಂದಳು. ಅಷ್ಟೇ. ಮಾರನೇ ದಿನದಿಂದ ಅವಳು ಯಾರನ್ನೂ ನಂಬಲಿಲ್ಲ. ಥರ್ಮಾಮೀಟರ್ ಇಡಲು ಬಿಡಲಿಲ್ಲ. ಔಷಧಿ ಬಾಯಿಗೆ ಹಾಕಲು ಬಿಡಲಿಲ್ಲ. ನೆಲ ಒರೆಸಲು ಬಂದ ಆಯಾ ಕೂಡ ನೀಲಿ ಬಟ್ಟೆ ಹಾಕಿದ್ದರು ಅನ್ನೋ ಒಂದೇ ಕಾರಣಕ್ಕೆ ಕೂಗಾಡಿ ಓಡಿಸಿದಳು. ಯಾವುದರಲ್ಲಿ ನೋವಿದೆ, ಯಾವುದರಲ್ಲಿ ಇಲ್ಲ ಅಂತ ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಹೇಳುವವರ ಮಾತಿಗೆ ಬೆಲೆ ಹೋಗಿತ್ತಲ್ಲ.

ಎರಡನೇ ರಾತ್ರಿ ಡ್ಯೂಟಿಗೆ ಬಂದ ಸಿಸ್ಟರ್ ಒಬ್ಬರು ಇದನ್ನು ಸರಿ ಮಾಡಿದರು. ಕೈಯಲ್ಲಿ ಟ್ರೇ ಇಲ್ಲದೆ ಬಂದು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತರು. "ನಾಳೆ ಬೆಳಿಗ್ಗೆ ನಿನ್ನ ಕೈಯಿಂದ ಸ್ವಲ್ಪ ರಕ್ತ ತಗೋಬೇಕು. ಚುಚ್ಚಿದಾಗ ಚುರುಕ್ ಅನ್ನತ್ತೆ. ಅಳು ಬಂದ್ರೆ ಅಳು, ಪರವಾಗಿಲ್ಲ. ಕೈ ಮಾತ್ರ ಅಲ್ಲಾಡಿಸಬಾರದು, ಅದು ನಿನ್ನ ಕೆಲಸ. ಬೇಗ ಮುಗಿಸೋದು ನನ್ನ ಕೆಲಸ. ಯಾವ ಕೈ ಕೊಡ್ತೀಯ, ಇದಾ ಅದಾ?" ಅಂದರು. ಸೂಜಿ ಇಲ್ಲದ ಒಂದು ಹೊಸ ಸಿರಿಂಜ್ ಕೊಟ್ಟರು. ಪುಟ್ಟಿ ಅದರಲ್ಲಿ ನೀರು ಎಳೆದು ಮೊದಲು ಗೊಂಬೆಗೆ, ಆಮೇಲೆ ಈ ಮಾಮನಿಗೆ, ಆಮೇಲೆ ದಿಂಬಿಗೆ ಇಂಜೆಕ್ಷನ್ ಹಾಕಿದಳು. ದಿಂಬು ಒದ್ದೆ.

ಬೆಳಿಗ್ಗೆ ಅಕ್ಕನ ತೊಡೆಯ ಮೇಲೆ ಕೂರಿಸಿಯೇ ರಕ್ತ ತೆಗೆದರು. ಪವಾಡ ಏನೂ ನಡೆಯಲಿಲ್ಲ, ಪುಟ್ಟಿ ಅತ್ತಳು, ಚೆನ್ನಾಗಿಯೇ ಅತ್ತಳು. ಆದರೆ ಕೈ ಎಳೆದುಕೊಳ್ಳಲಿಲ್ಲ. ಒಂದೇ ಸಲಕ್ಕೆ ಆಯಿತು. ಯಾರೂ ಅದುಮಿ ಹಿಡಿಯಬೇಕಾಗಲಿಲ್ಲ. ಮಧ್ಯಾಹ್ನ ನೋಡಿದರೆ ಅವಳು ಗೊಂಬೆಗೆ ಹೇಳುತ್ತಿದ್ದಳು - "ನೋವಾಗತ್ತೆ, ಆಮೇಲೆ ಹೋಗತ್ತೆ". ಡೆಂಗಿ ವಾರ್ಡಿನಲ್ಲಿ ನಾನು ಕೇಳಿದ ಅತ್ಯಂತ ನಿಜವಾದ ಮಾತು ಅದು.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಪ್ರೋಗ್ರೆಸ್ ಬಾರ್ ಕಥೆ. ಸ್ಕ್ರೀನ್ ಸುಮ್ಮನೆ ನಿಂತುಬಿಟ್ಟರೆ ಬಳಸುವವನಿಗೆ ಏನಾಗುತ್ತಿದೆ ಅಂತ ಗೊತ್ತಾಗದೆ ಸಿಕ್ಕಸಿಕ್ಕ ಬಟನ್ ಎಲ್ಲ ಒತ್ತುತ್ತಾನೆ. ಒಂದು ಪಟ್ಟಿ ಹಾಕಿ ಇಷ್ಟಾಗಿದೆ, ಇನ್ನಿಷ್ಟಿದೆ ಅಂತ ತೋರಿಸಿದರೆ ಅದೇ ಮನುಷ್ಯ ಕೈಕಟ್ಟಿ ಕಾಯುತ್ತಾನೆ. ಕೆಲಸಕ್ಕೆ ಹಿಡಿಯುವ ಸಮಯ ಎರಡರಲ್ಲೂ ಒಂದೇ. ಆದರೆ ಆ ಪಟ್ಟಿ ನಿಜ ಹೇಳಬೇಕು. ೯೯ಕ್ಕೆ ಬಂದು ಅರ್ಧ ಗಂಟೆ ನಿಂತುಬಿಡುವ ಪಟ್ಟಿಯನ್ನು ಮುಂದಿನ ಸಲ ಯಾರೂ ನಂಬಲ್ಲ. ಮಗುವಿನ ಮುಂದೆ ನಾವು ಹೇಳುವ "ಆಯ್ತು ಆಯ್ತು, ಮುಗೀತು" ಬಹಳ ಸಲ ಆ ೯೯ರ ಜಾತಿಯದ್ದು!

ಇದೆಲ್ಲ ನನ್ನ ತಲೆಯಲ್ಲಿ ಹುಟ್ಟಿದ ಸಿದ್ಧಾಂತ ಅಲ್ಲ. ಆಮೇಲೆ ಕುತೂಹಲಕ್ಕೆ ಓದುತ್ತಾ ಹೋದೆ. ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಲಸಿಕೆ ಹಾಕುವಾಗ ಆಗುವ ನೋವನ್ನು ಕಡಿಮೆ ಮಾಡುವುದರ ಬಗ್ಗೆಯೇ ಒಂದು ನಿಲುವು ಪತ್ರ ಹೊರಡಿಸಿದೆ. ಅದರಲ್ಲಿ ಏನಿದೆ ಅಂದ್ರೆ - ಹೆತ್ತವರು ಅಥವಾ ನೋಡಿಕೊಳ್ಳುವವರು ಕೊನೆಯವರೆಗೂ ಮಗುವಿನ ಜೊತೆ ಇರಬೇಕು. ಸಣ್ಣ ಮಕ್ಕಳನ್ನು ಎತ್ತಿಕೊಂಡಿರಬೇಕು, ಸ್ವಲ್ಪ ದೊಡ್ಡವರನ್ನು ನೇರ ಕೂರಿಸಬೇಕು. ಎದೆಹಾಲು ಕುಡಿಯುವ ಕೂಸಾದರೆ ಸೂಜಿ ಹಾಕುವಾಗ ಇಲ್ಲವೇ ಅದಕ್ಕೆ ಸ್ವಲ್ಪ ಮೊದಲು ಹಾಲು ಕುಡಿಸಬೇಕು. ಒಂದೇ ದಿನ ಎರಡು ಮೂರು ಲಸಿಕೆ ಇದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಆರು ವರ್ಷದೊಳಗಿನವರ ಗಮನವನ್ನು ಬೇರೆ ಕಡೆ ಸೆಳೆಯಬೇಕು. ಇನ್ನೊಂದು ಮುಖ್ಯ ಮಾತು - ಭಯ ಹೆಚ್ಚಿಸುವ ಮಾತೂ ಬೇಡ, ಸುಳ್ಳು ಸಮಾಧಾನವೂ ಬೇಡ. ನಮ್ಮ "ಏನೂ ಆಗಲ್ಲ"ಕ್ಕೆ ಅಲ್ಲಿ ಜಾಗವೇ ಇಲ್ಲ.

ಅಮೆರಿಕದಲ್ಲಿ ಜೀವ್ ಕೇನ್ ಅನ್ನುವ ಅರಿವಳಿಕೆ ತಜ್ಞರ ತಂಡ ಆಪರೇಷನ್ನಿಗೆ ಬರುವ ಮಕ್ಕಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ೨೦೦೭ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿನ ಮನೆಯವರನ್ನು ಮೊದಲೇ ತಯಾರು ಮಾಡಿದ್ದರು. ಅರಿವಳಿಕೆ ಕೊಡುವ ಮಾಸ್ಕನ್ನು ಮುಂಚೆಯೇ ಮನೆಗೆ ಕೊಟ್ಟು ಆಟದ ಹಾಗೆ ಅಭ್ಯಾಸ ಮಾಡಿಸುವುದು, ವಿಡಿಯೋ ತೋರಿಸುವುದು, ಆ ಹೊತ್ತಿನಲ್ಲಿ ಗಮನ ಬೇರೆ ಕಡೆ ಸೆಳೆಯುವುದು, ಹೀಗೆ. ಆ ಪಟ್ಟಿಯಲ್ಲಿ ಅತಿಯಾಗಿ ಸಮಾಧಾನ ಹೇಳಬೇಡಿ ಅನ್ನುವುದೂ ಒಂದು ಅಂಶ! ಯೋಚಿಸಿ ನೋಡಿದರೆ ಸರಿಯಾಗಿಯೇ ಇದೆ. ಅಪ್ಪ ನಡುಗುವ ದನಿಯಲ್ಲಿ ಹತ್ತು ಸಲ "ಹೆದರಬೇಡ ಹೆದರಬೇಡ" ಅಂದರೆ, ಹೆದರುವಂಥದ್ದು ಏನೋ ಇದೆ ಅಂತ ತಾನೇ ಮಗುವಿಗೆ ಅರ್ಥ ಆಗೋದು? ಹಾಗೆ ತಯಾರಾಗಿ ಬಂದ ಮಕ್ಕಳಲ್ಲಿ ಆತಂಕ ಕಡಿಮೆ ಇತ್ತು, ಆಪರೇಷನ್ ಆದ ಮೇಲೆ ನೋವಿನ ಔಷಧಿ ಕಡಿಮೆ ಸಾಕಾಯಿತು, ಅವರು ಬೇಗ ಮನೆಗೂ ಹೋದರು. ಅಂದರೆ ಇದು ಬರೀ ಮುದ್ದು ಮಾಡುವ ವಿಷಯವಲ್ಲ, ಆಸ್ಪತ್ರೆಯ ಲೆಕ್ಕಪುಸ್ತಕಕ್ಕೂ ಒಳ್ಳೆಯದೇ.

ತಾಯಿಯನ್ನು ಹೊರಗೆ ಕಳಿಸುವ ಅಭ್ಯಾಸಕ್ಕೂ ಒಂದು ಇತಿಹಾಸವಿದೆ. ಇಂಗ್ಲೆಂಡಿನಲ್ಲಿ ಒಂದು ಕಾಲದಲ್ಲಿ ಆಸ್ಪತ್ರೆ ಸೇರಿದ ಮಗುವನ್ನು ನೋಡಲು ಹೆತ್ತವರನ್ನೇ ಸರಿಯಾಗಿ ಬಿಡುತ್ತಿರಲಿಲ್ಲ. ನೋಡಿ ಹೋದರೆ ಮಗು ಅಳುತ್ತದೆ, ನೋಡದಿದ್ದರೆ ಸುಮ್ಮನಿರುತ್ತದೆ ಅನ್ನೋದು ವಾದ. ೧೯೫೨ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಅನ್ನುವವರು ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಮೇಲೆ ಸಿನಿಮಾ ಮಾಡಿ ಡಾಕ್ಟರುಗಳಿಗೇ ತೋರಿಸಿದರು. ಆ ‘ಸುಮ್ಮನಿರುವುದು’ ಸಮಾಧಾನವಲ್ಲ, ಆಸೆ ಬಿಟ್ಟು ಕೂತಿರುವುದು ಅಂತ ಅದರಲ್ಲಿ ಕಂಡಿತು. ಮೊದಲು ಡಾಕ್ಟರುಗಳಿಗೆ ಸಿಟ್ಟು ಬಂತು. ಕೊನೆಗೆ ೧೯೫೯ರ ಪ್ಲಾಟ್ ವರದಿ, ಹೆತ್ತವರು ಬಂದು ನೋಡುವುದಕ್ಕೆ ತಡೆ ಇರಬಾರದು ಅಂತ ಶಿಫಾರಸು ಮಾಡಿತು.

ಇದನ್ನು ಓದಿದಾಗ ನನಗೆ ಸ್ವಲ್ಪ ಹೆಮ್ಮೆಯಾಯಿತು. ಅವರಿಗೆ ಸಿನಿಮಾ, ವರದಿ ಎಲ್ಲ ಬೇಕಾಯಿತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಅಮ್ಮಂದಿರು ಮಗುವಿನ ಮಂಚದ ಕೆಳಗೇ ಚಾಪೆ ಹಾಸಿ ಮಲಗುತ್ತಾರೆ, ಅಪ್ಪ ಹೊರಗೆ ಮರದ ಕೆಳಗೆ ಬುತ್ತಿ ಇಟ್ಟುಕೊಂಡು ಕೂತಿರುತ್ತಾನೆ. ಬೆಂಗಳೂರಿನ ವಾಣಿವಿಲಾಸಕ್ಕೋ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಗೋ ಹೋಗಿ ನೋಡಿ, ಮಗುವಿನ ಜೊತೆ ಊರಿಗೆ ಊರೇ ಬಂದಿರುತ್ತದೆ. ಮಗುವನ್ನು ಒಂಟಿಯಾಗಿ ಬಿಡಬಾರದು ಅನ್ನೋದು ನಮಗೆ ಯಾರೂ ಕಲಿಸಬೇಕಿಲ್ಲ. ವಿಚಿತ್ರ ನೋಡಿ, ಇಪ್ಪತ್ತಮೂರು ಗಂಟೆ ಐವತ್ತೈದು ನಿಮಿಷ ಜೊತೆಗಿರುವ ಅಮ್ಮನನ್ನು, ಮಗುವಿಗೆ ಅವಳು ನಿಜವಾಗಿ ಬೇಕಾದ ಆ ಐದು ನಿಮಿಷ ಮಾತ್ರ ಹೊರಗೆ ಕಳಿಸುತ್ತೇವೆ.

ಎಲ್ಲ ಕಡೆ ಒಳಗೆ ಬಿಡಲಾಗುವುದಿಲ್ಲ ನಿಜ. ಆಪರೇಷನ್ ಥಿಯೇಟರಿನ ನಿಯಮಗಳೇ ಬೇರೆ. ರಕ್ತ ನೋಡಿದರೆ ತಲೆ ತಿರುಗುವ ಅಪ್ಪಂದಿರೂ ಇದ್ದಾರೆ, ಅಂಥವರ ಬದಲು ಗಟ್ಟಿ ಮನಸ್ಸಿನ ಅತ್ತೆಯೋ ಚಿಕ್ಕಮ್ಮನೋ ಇರಲಿ. ಆದರೆ ಬರೀ ರಕ್ತ ತೆಗೆಯುವುದಕ್ಕೆ, ಲಸಿಕೆಗೆ, ಡ್ರಿಪ್ ಸೂಜಿ ಹಾಕುವುದಕ್ಕೆ ಅಮ್ಮ ಹೊರಗೆ ನಿಲ್ಲಬೇಕಾದ ಕಾರಣ ನನಗಂತೂ ಕಾಣುತ್ತಿಲ್ಲ.

"ಅಯ್ಯೋ, ಇದೆಲ್ಲ ಈಗಿನವರ ನಾಜೂಕು. ನಮ್ಮನ್ನೆಲ್ಲ ನಾಲ್ಕು ಜನ ಹಿಡಿದು ಚುಚ್ಚಿದ್ರು, ನಮಗೇನಾಯ್ತು?" ಅಂತ ನಮ್ಮ ದೊಡ್ಡಪ್ಪ ಕೇಳಿದರು. ಏನಾಯ್ತು ಅಂದ್ರೆ, ಅವರು ಇವತ್ತಿಗೂ ಶುಗರ್ ಟೆಸ್ಟ್ ಮಾಡಿಸಲು ಮೂರು ತಿಂಗಳು ಮುಂದೂಡುತ್ತಾರೆ :-) ತಮಾಷೆ ಬಿಡಿ. ‘ನಮಗೇನಾಯ್ತು’ ಅನ್ನೋ ವಾದ ವೈದ್ಯಶಾಸ್ತ್ರದ ಒಳಗೂ ಇತ್ತು. ಆಗ ತಾನೇ ಹುಟ್ಟಿದ ಕೂಸಿಗೆ ನೋವು ಸರಿಯಾಗಿ ಗೊತ್ತಾಗುವುದೇ ಇಲ್ಲ ಅಂತ ನಂಬಿ, ೧೯೮೦ರ ದಶಕದವರೆಗೂ ಎಷ್ಟೋ ಕಡೆ ಸಾಕಷ್ಟು ನೋವುನಿವಾರಕ ಕೊಡದೆಯೇ ಕೂಸುಗಳಿಗೆ ಆಪರೇಷನ್ ಮಾಡುತ್ತಿದ್ದರು. ಭಾರತದಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋದ ಡಾ. ಕೆ. ಜೆ. ಎಸ್. ಆನಂದ್ ಮತ್ತು ಅವರ ಜೊತೆಗಾರರು ೧೯೮೭ರಲ್ಲಿ ಪ್ರಕಟಿಸಿದ ಅಧ್ಯಯನ, ಸರಿಯಾದ ನೋವುನಿವಾರಕ ಕೊಟ್ಟರೆ ಅವಧಿಗೆ ಮುನ್ನ ಹುಟ್ಟಿದ ಕೂಸುಗಳೂ ಆಪರೇಷನ್ನನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ ಅಂತ ತೋರಿಸಿತು. ಹೇಳಿಕೊಳ್ಳಲು ಬಾರದವರಿಗೆ ನೋವಿಲ್ಲ ಅಂತ ತೀರ್ಮಾನ ಮಾಡುವುದು ನಮಗೆಲ್ಲ ಎಷ್ಟು ಸುಲಭ ನೋಡಿ.

ಇನ್ನೊಂದು ವಾದ - "ಮೊದಲೇ ನಿಜ ಹೇಳಿದ್ರೆ ಮಗು ರಾತ್ರಿಯೆಲ್ಲ ಹೆದರಿಕೊಂಡೇ ಇರತ್ತೆ". ಇದರಲ್ಲಿ ಸ್ವಲ್ಪ ಸತ್ಯ ಇದೆ. ಅದಕ್ಕೇ ವಯಸ್ಸು ನೋಡಿ ಹೇಳಬೇಕು. ಎರಡು ಮೂರು ವರ್ಷದ ಮಗುವಿಗೆ ‘ನಾಳೆ’ ಅನ್ನೋದೇ ಸರಿಯಾಗಿ ಗೊತ್ತಿರಲ್ಲ, ಸ್ವಲ್ಪ ಹೊತ್ತು ಮುಂಚೆ ಹೇಳಿದರೆ ಸಾಕು. ಶಾಲೆಗೆ ಹೋಗುವ ಮಗುವಿಗೆ ಹಿಂದಿನ ದಿನವೇ ಹೇಳಿ, ಪ್ರಶ್ನೆ ಕೇಳಲು ಬಿಡಬೇಕು. ಯಾವಾಗ ಹೇಳಬೇಕು ಅನ್ನೋದರಲ್ಲಿ ಚರ್ಚೆ ಇರಲಿ, ಹೇಳಬೇಕೋ ಬೇಡವೋ ಅನ್ನೋದರಲ್ಲಿ ಬೇಡ.

ಮತ್ತೆ "ನಮಗೆ ಟೈಮ್ ಎಲ್ಲಿದೆ ಸಾರ್, ಹೊರಗೆ ಅರವತ್ತು ಜನ ಕಾಯ್ತಿದ್ದಾರೆ" ಅನ್ನುವ ಆಸ್ಪತ್ರೆಯವರು. ಅವರ ಕಷ್ಟ ನಿಜವಾದ್ದೇ. ಆದರೆ ಪುಟ್ಟಿಯ ಲೆಕ್ಕ ನೋಡಿ. ಮೊದಲ ದಿನ ಮೂರು ಜನ, ಎರಡು ಚುಚ್ಚು, ಸುಮಾರು ಇಪ್ಪತ್ತು ನಿಮಿಷ. ನಿಜ ಹೇಳಿದ ಮೇಲೆ ಒಬ್ಬರು, ಒಂದು ಚುಚ್ಚು, ಹಿಂದಿನ ರಾತ್ರಿಯ ಮಾತೂ ಸೇರಿ ಹತ್ತು ನಿಮಿಷ. ಟೈಮ್ ಇಲ್ಲದವರೇ ನಿಜ ಹೇಳಬೇಕು ಅಂತ ನನ್ನ ವಾದ!

ಹಾಗಾದರೆ ಮಕ್ಕಳಿಗೆ ಕಥೆಯನ್ನೂ ಹೇಳಬಾರದಾ ಅಂತ ಕೇಳಬೇಡಿ. ಕಥೆಯೇ ಬೇರೆ, ಸುಳ್ಳೇ ಬೇರೆ. ಎಂಆರ್‌ಐ ಮೆಷಿನ್ ವಿನ್ಯಾಸ ಮಾಡುತ್ತಿದ್ದ ಡಗ್ ಡೀಟ್ಜ್ ಅನ್ನುವ ಅಮೆರಿಕದ ವಿನ್ಯಾಸಗಾರ ತನ್ನದೇ ಮೆಷಿನ್ನಿನ ಮುಂದೆ ಪುಟ್ಟ ಹುಡುಗಿಯೊಬ್ಬಳು ಹೆದರಿ ಅಳುವುದನ್ನು ನೋಡಿದರು. ಆಮೇಲೆ ಪಿಟ್ಸ್‌ಬರ್ಗಿನ ಮಕ್ಕಳ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಕೋಣೆಯನ್ನೇ ಕಡಲ್ಗಳ್ಳರ ಹಡಗಿನ ಹಾಗೆ ಮಾಡಿದರು. ಮೆಷಿನ್ ಅದೇ, ಢಬಢಬ ಸದ್ದೂ ಅದೇ. ಆದರೆ ಮಗುವಿಗೆ ಈಗ ಮಲಗಿ ಅಲ್ಲಾಡದೆ ಇರುವುದಕ್ಕೆ ಒಂದು ಕಾರಣ ಇತ್ತು. ಸ್ಕ್ಯಾನಿಗಾಗಿ ಮಂಪರಿನ ಔಷಧಿ ಕೊಡಬೇಕಾದ ಮಕ್ಕಳ ಸಂಖ್ಯೆ ಇಳಿಯಿತು ಅಂತ ಅವರು ಹೇಳುತ್ತಾರೆ. ಆ ಕಥೆ ಸದ್ದು ಇರಲ್ಲ ಅನ್ನಲಿಲ್ಲ. ಸದ್ದು ಇರುತ್ತದೆ, ಬಂದಾಗ ನೀನು ಹೀಗಿರು ಅಂದಿತು. ಕಥೆಗೂ ಸುಳ್ಳಿಗೂ ಇರುವ ವ್ಯತ್ಯಾಸ ಇದೇ. ಕಥೆ ಮಗುವಿನ ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ, ಸುಳ್ಳು ಒಳಗೆ ತಳ್ಳಿ ಬಾಗಿಲು ಹಾಕಿಕೊಳ್ಳುತ್ತದೆ. ಕಥೆ ಹೇಳುವುದರಲ್ಲಿ ನಮ್ಮ ಅಜ್ಜಿಯಂದಿರನ್ನು ಮೀರಿಸುವವರು ಯಾರಿದ್ದಾರೆ ಹೇಳಿ?

ಕೊನೆಗೆ, ಮುಂದಿನ ವಾರ ಮಗುವಿಗೆ ಲಸಿಕೆ ಹಾಕಿಸಬೇಕಾದ ಗೆಳೆಯರಿಗಾಗಿ ನಾಲ್ಕು ಮಾತು:

- ಇವತ್ತಿನಿಂದಲೇ ಊಟಕ್ಕೆ ಡಾಕ್ಟರ ಹೆಸರು ಹೇಳಿ ಹೆದರಿಸುವುದನ್ನು ಬಿಡಿ. ಬೇಕಾದರೆ ಗುಮ್ಮನನ್ನು ವಾಪಸ್ ಕೆಲಸಕ್ಕೆ ಕರೆಯಿರಿ.
- ಎಲ್ಲಿಗೆ ಹೋಗುತ್ತಿದ್ದೀರಿ, ಏನು ಮಾಡುತ್ತಾರೆ, ಹೇಗೆ ಅನ್ನಿಸಬಹುದು ಅಂತ ಎರಡು ಸಾಲಿನಲ್ಲಿ ನಿಜ ಹೇಳಿ. ಯಾವ ಕೈ, ಯಾರ ತೊಡೆ, ಯಾವ ಗೊಂಬೆ ಅನ್ನೋದನ್ನು ಮಗುವೇ ಆರಿಸಲಿ. ‘ಚುಚ್ಚಿಸಿಕೊಳ್ತೀಯಾ’ ಅಂತ ಮಾತ್ರ ಕೇಳಬೇಡಿ, ಅದು ಅದರ ಕೈಯಲ್ಲಿಲ್ಲ.
- "ನಾನು ಒಳಗೇ ಇರ್ತೀನಿ, ಎತ್ತಿಕೊಂಡೇ ಹಾಕಿಸ್ತೀನಿ" ಅಂತ ಸಿಸ್ಟರಿಗೆ ವಿನಯದಿಂದ ಕೇಳಿ. ಬಹಳಷ್ಟು ಜನ ಒಪ್ಪುತ್ತಾರೆ, ನಾವು ಕೇಳುವುದೇ ಇಲ್ಲ. ಪದೇಪದೇ ಸೂಜಿ ಹಾಕಿಸಬೇಕಾದ ಮಗುವಾದರೆ ಚರ್ಮ ಜೋಮು ಹಿಡಿಸುವ ಮುಲಾಮು ಹಚ್ಚಬಹುದಾ ಅಂತ ಡಾಕ್ಟರನ್ನು ಕೇಳಿ. ಅದನ್ನು ಸುಮಾರು ಒಂದು ಗಂಟೆ ಮೊದಲೇ ಹಚ್ಚಬೇಕಾಗುತ್ತದೆ.
- "ಗಂಡು ಹುಡುಗ ಅಳ್ತಾನಾ?" ಅನ್ನಬೇಡಿ. ಅಳಲಿ ಬಿಡಿ. ಕೈ ಅಲ್ಲಾಡಿಸದಿದ್ದರೆ ಅದೇ ದೊಡ್ಡ ಶೌರ್ಯ, ಮುಗಿದ ಮೇಲೆ ಅದನ್ನೇ ಹೇಳಿ ಹೊಗಳಿ.

ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವರು, ಮಕ್ಕಳನ್ನು ಆಸ್ಪತ್ರೆಯಲ್ಲಿಟ್ಟುಕೊಂಡು ರಾತ್ರಿ ಕಳೆದವರು ಇಲ್ಲಿ ಓದುವವರಲ್ಲಿ ಖಂಡಿತ ಇದ್ದೀರಿ. ನನಗಿಂತ ನಿಮಗೆ ಹೆಚ್ಚು ಗೊತ್ತು. ನಿಮ್ಮ ಮನೆಯಲ್ಲಿ ಏನು ಕೆಲಸ ಮಾಡಿತು, ಏನು ಮಾಡಲಿಲ್ಲ, ಸ್ವಲ್ಪ ಬರೆಯಿರಿ. ನನ್ನ ಮಾತು ಒಪ್ಪಿಗೆಯಾಗದಿದ್ದರೆ ಅದನ್ನೂ ಬರೆಯಿರಿ, ಜಗಳಕ್ಕೆ ನಾನು ತಯಾರು. ಚುರುಕ್ ಅನ್ನಬಹುದು, ಆದರೆ ಕೈ ಅಲ್ಲಾಡಿಸಲ್ಲ :-)